ನಿಮ್ಮ ಪ್ರಶ್ನೆಗೆ ಉತ್ತರ: ಹಳೆಯ ಪ್ಲೇಸ್ಟೇಷನ್‌ಗೆ ಚಿಪ್ ಬೆಸೆಯುವ ಮುನ್ನ

ಹಳೆಯ ಗೇಮ್ ಕನ್ಸೋಲ್‌ಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳುತ್ತವೆ: ಸೋನಿಯ ಮೊದಲ ಪ್ಲೇಸ್ಟೇಷನ್‌ಗೆ ಮಾಡ್‌ಚಿಪ್ (ಬೇರೆ ದೇಶದ ಅಥವಾ ನಕಲು ಡಿಸ್ಕ್‌ಗಳೂ ಓಡುವಂತೆ ಒಳಗಿನ ಸರ್ಕ್ಯೂಟ್ ಬೋರ್ಡ್‌ಗೆ ಬೆಸೆಯುವ ಚಿಕ್ಕ ಚಿಪ್) ಹಾಕುವುದು ಹೇಗೆ, ಹಾಕಬಹುದೇ, ಹಾಕಲೇಬೇಕೇ. ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನ ಸೋದರಮಾವ ದುಬೈನಿಂದ ತಂದುಕೊಟ್ಟ ಬೂದು ಬಣ್ಣದ ಪ್ಲೇಸ್ಟೇಷನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದೆ. ಅಡಿಯಲ್ಲಿ ಎಸ್‌ಸಿಪಿಎಚ್-7502 ಎಂದು ಬರೆದಿದೆ. ಇತ್ತೀಚೆಗೆ ಜಪಾನಿನಿಂದ ಕೆಲವು ಅಸಲಿ ಡಿಸ್ಕ್‌ಗಳನ್ನು ತರಿಸಿದೆ, ಆದರೆ ಅವುಗಳಲ್ಲಿ ಒಂದೂ ಓಡುವುದಿಲ್ಲ. ಚಿಪ್ ಹಾಕಿದರೆ ಓಡುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಅಷ್ಟು ಚಿಕ್ಕ ಚಿಪ್ ಒಳಗೆ ಮಾಡುವುದಾದರೂ ಏನು? (ಮಂಗಳೂರಿನ ಓದುಗರು)

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ನಿಜ. ಡಿಸ್ಕ್ ಓಡದಿರುವುದಕ್ಕೆ ಕಾರಣವು ಮಾದರಿ ಸಂಖ್ಯೆಯ ಕೊನೆಯ ಅಂಕಿಯಲ್ಲೇ ಇದೆ. ಕೊನೆಯಲ್ಲಿ 0 ಇದ್ದರೆ ಅದು ಜಪಾನಿನದು, 1 ಇದ್ದರೆ ಅಮೆರಿಕದ್ದು, 2 ಇದ್ದರೆ ಯುರೋಪಿನದು, 3 ಇದ್ದರೆ ಏಷ್ಯಾದ ಇತರ ಮಾರುಕಟ್ಟೆಗಳಿಗೆ ಮಾಡಿದ್ದು. ಹಾಗಾಗಿ ನಿಮ್ಮದು ಯುರೋಪಿನ ಮಾದರಿ, ಡಿಸ್ಕ್‌ಗಳು ಮಾತ್ರ ಜಪಾನಿನವು.

ಪ್ಲೇಸ್ಟೇಷನ್ 1994ರ ಡಿಸೆಂಬರಿನಲ್ಲಿ ಜಪಾನಿನಲ್ಲಿ, 1995ರ ಸೆಪ್ಟೆಂಬರಿನಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಮಾರಾಟಕ್ಕೆ ಬಂದಿತು. ಬೇರೆ ಪ್ರದೇಶದ ಮತ್ತು ನಕಲು ಡಿಸ್ಕ್‌ಗಳನ್ನು ತಡೆಯುವ ಅದರ ಬೀಗವನ್ನು ಡಿಸ್ಕ್‌ನ ದತ್ತಾಂಶದಲ್ಲಿ ಇಡದೆ ಡಿಸ್ಕ್‌ನ ಆಕಾರದಲ್ಲೇ ಇಟ್ಟದ್ದು ನಿಜಕ್ಕೂ ಜಾಣ್ಮೆಯ ಕೆಲಸ. ಸಿ.ಡಿ.ಯ ಮೇಲೆ ಮಾಹಿತಿಯ ಸಾಲು ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತದೆ. ಅಸಲಿ ಪ್ಲೇಸ್ಟೇಷನ್ ಡಿಸ್ಕ್‌ನಲ್ಲಿ ಆ ಸುರುಳಿ ಶುರುವಾಗುವ ಒಳ ಅಂಚಿನ ಭಾಗವು ನೇರವಾಗಿ ಸಾಗದೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಅತ್ತಿತ್ತ ಓಲಾಡುತ್ತದೆ. ಈ ಓಲಾಟದಲ್ಲಿ ನಾಲ್ಕು ಅಕ್ಷರಗಳ ಒಂದು ಸಂಕೇತ ಅಡಗಿರುತ್ತದೆ. ಜಪಾನಿನ ಡಿಸ್ಕ್ ಆದರೆ ಎಸ್‌ಸಿಇಐ, ಅಮೆರಿಕದ್ದಾದರೆ ಎಸ್‌ಸಿಇಎ, ಯುರೋಪಿನದಾದರೆ ಎಸ್‌ಸಿಇಇ. ಲೇಸರ್ ಕಣ್ಣು ಸಾಲಿನ ಮೇಲೆ ನಿಲ್ಲಲು ಹೆಣಗುವಾಗ ಹುಟ್ಟುವ ವಿದ್ಯುತ್ ಸಂಜ್ಞೆಯಿಂದಲೇ ಸಿ.ಡಿ. ಭಾಗದ ನಿಯಂತ್ರಕವು ಆ ಅಕ್ಷರಗಳನ್ನು ಓದಿಕೊಳ್ಳುತ್ತದೆ, ತನಗೆ ಹೇಳಿಕೊಟ್ಟ ಸಂಕೇತ ಸಿಗದಿದ್ದರೆ ಆಟವನ್ನು ಶುರು ಮಾಡಲು ಬಿಡುವುದಿಲ್ಲ. ಮನೆಯ ಸಿ.ಡಿ. ರೈಟರ್ ಈ ಓಲಾಟವನ್ನು ನಕಲು ಮಾಡಲಾರದು. ಖಾಲಿ ಸಿ.ಡಿ.ಯಲ್ಲಿ ಕಾರ್ಖಾನೆಯಲ್ಲೇ ಅಚ್ಚಾದ ಬೇರೊಂದು ಓಲಾಟವಿರುತ್ತದೆ, ರೈಟರ್ ಅದನ್ನೇ ಹಿಡಿದು ಸಾಗಬೇಕಾಗುತ್ತದೆ.

ಮಾಡ್‌ಚಿಪ್ ಈ ಬೀಗವನ್ನು ಮುರಿಯುವುದಿಲ್ಲ. ಡಿಸ್ಕ್‌ನಿಂದ ಬರಬೇಕಾದ ಅಕ್ಷರಗಳನ್ನು ತಾನೇ ತಂತಿಯೊಂದರ ಮೂಲಕ ನಿಯಂತ್ರಕಕ್ಕೆ ಕಳಿಸುತ್ತದೆ, ಅಷ್ಟೇ. ವೇಗವೂ ಬಹಳ ಕಡಿಮೆ, ಸೆಕೆಂಡಿಗೆ 250 ಬಿಟ್, ಅಂದರೆ ಒಂದೊಂದು ಬಿಟ್‌ಗೂ 4 ಮಿಲಿಸೆಕೆಂಡ್. ಇಷ್ಟು ನಿಧಾನದ ಕೆಲಸಕ್ಕೆ ಎಂಟು ಕಾಲಿನ ಅಗ್ಗದ ಪಿಕ್ 12ಸಿ508 ಮೈಕ್ರೋಕಂಟ್ರೋಲರ್ ಧಾರಾಳವಾಗಿ ಸಾಕಾಗುತ್ತಿತ್ತು. ತೊಂಬತ್ತರ ದಶಕದಲ್ಲಿ ಲೋಕದ ತುಂಬ ಹರಡಿದ್ದು ಅದೇ. ನಿಮ್ಮ ಯಂತ್ರಕ್ಕೆ ಹಾಕಿದ ಚಿಪ್, ಒಳಗಿರುವ ಡಿಸ್ಕ್ ಜಪಾನಿನದಾದರೂ, ಎಸ್‌ಸಿಇಇ ಎಂದೇ ಹೇಳುತ್ತದೆ.

ಚಿಪ್ ಇಷ್ಟು ಸರಳವಾಗಿರುವುದರಿಂದಲೇ ಜನ ಕೆಲಸವೂ ಸರಳವೆಂದು ತಿಳಿಯುತ್ತಾರೆ. ಈ ಅಂಕಣದ ಮುಂದಿನ ಉತ್ತರಗಳಲ್ಲೆಲ್ಲ ನಾನು ಒತ್ತಿ ಹೇಳಬೇಕಾದ ಮಾತು ಇದು: ಇಲ್ಲಿ ಬೆಲೆಯಿರುವುದು ಚಿಪ್‌ಗಲ್ಲ, ಬೋರ್ಡ್‌ಗೆ. ಚಿಪ್ ಹಾಳಾದರೆ ಇನ್ನೊಂದು ಸಿಗುತ್ತದೆ. ಬೋರ್ಡ್‌ನ ಒಂದು ತಾಮ್ರದ ಚುಕ್ಕೆ ಕಿತ್ತು ಬಂದರೆ ಅದರ ಜಾಗಕ್ಕೆ ಹೊಸದನ್ನು ಯಾರೂ ತಯಾರಿಸುತ್ತಿಲ್ಲ.

ಪ್ರಶ್ನೆ: ಪ್ಲೇಸ್ಟೇಷನ್ ಡಿಸ್ಕ್‌ನ ಅಡಿಭಾಗ ಕಪ್ಪಗಿರುವುದೇ ನಕಲು ತಡೆಯುವ ಉಪಾಯ ಎಂದು ಕೇಳಿದ್ದೇನೆ. ಕಪ್ಪು ಬಣ್ಣದ ಖಾಲಿ ಸಿ.ಡಿ. ಕೊಂಡರೆ ಚಿಪ್ಪೇ ಬೇಡವಲ್ಲವೇ? (ತುಮಕೂರು)

ಉತ್ತರ: ಅಲ್ಲ. ಸಿ.ಡಿ. ಓದುವ ಲೇಸರ್‌ನ ತರಂಗಾಂತರ ಸುಮಾರು 780 ನ್ಯಾನೋಮೀಟರ್, ಅಂದರೆ ಅದು ಅವಕೆಂಪು ಬೆಳಕು. ನಮ್ಮ ಕಣ್ಣಿಗೆ ಕಪ್ಪಗೆ ಕಾಣುವ ಆ ಪ್ಲಾಸ್ಟಿಕ್ ಅವಕೆಂಪು ಬೆಳಕಿಗೆ ಪಾರದರ್ಶಕ. ಬಣ್ಣವು ಗುರುತಿಗಾಗಿ ಇದ್ದದ್ದು, ಬೀಗವಿರುವುದು ಮೇಲೆ ಹೇಳಿದ ಓಲಾಟದಲ್ಲಿ.

ಪ್ರಶ್ನೆ: ನಾನು ಐ.ಟಿ.ಐ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ನನ್ನ ಬಳಿ 25 ವ್ಯಾಟಿನ ಸಾಮಾನ್ಯ ಸೋಲ್ಡರಿಂಗ್ ಐರನ್ ಇದೆ. ಹಳೆಯ ಪ್ಲೇಸ್ಟೇಷನ್ ಒಂದು ಕೈಗೆ ಸಿಕ್ಕಿದೆ. ಅದಕ್ಕೆ ಚಿಪ್ ಹಾಕುವಾಗ ಏನೇನು ಎಚ್ಚರಿಕೆ ತೆಗೆದುಕೊಳ್ಳಬೇಕೆಂದು ಸರ್, ದಯವಿಟ್ಟು ವಿವರವಾಗಿ ತಿಳಿಸಿ. (ದಾವಣಗೆರೆ)

ಉತ್ತರ: ಮೊದಲು ಐರನ್ ಕಾಯಿಸಬೇಡಿ, ಬೋರ್ಡ್ ಓದಿ. ಒಂದೇ ಹೆಸರಿನಲ್ಲಿ ಮಾರಾಟವಾದ ಈ ಯಂತ್ರದೊಳಗೆ ವರ್ಷ ವರ್ಷಕ್ಕೂ ಬೇರೆ ಬೇರೆ ಬೋರ್ಡ್‌ಗಳಿದ್ದವು. 5500ರ ಸರಣಿಯಲ್ಲಿ ಸಾಮಾನ್ಯವಾಗಿ ಪಿಯು-18, 7000ದಲ್ಲಿ ಪಿಯು-20, 7500ರಲ್ಲಿ ಪಿಯು-22, 9000ದಲ್ಲಿ ಪಿಯು-23, ಚಿಕ್ಕ ಬಿಳಿಯ ಪಿಎಸ್ ಒನ್‌ನಲ್ಲಿ ಪಿಎಂ-41. ಅಪವಾದಗಳು ಇರುವುದರಿಂದ ಹೊರಗಿನ ಸಂಖ್ಯೆಯನ್ನು ನಂಬದೆ ಬೋರ್ಡ್‌ನ ಮೇಲೇ ಅಚ್ಚಾಗಿರುವ ಸಂಖ್ಯೆಯನ್ನು ನೋಡಿಕೊಳ್ಳಬೇಕು. ತಂತಿ ಬೆಸೆಯುವ ಜಾಗಗಳು ಬೋರ್ಡ್‌ನಿಂದ ಬೋರ್ಡ್‌ಗೆ ಬದಲಾಗುತ್ತವೆ. ಪಿಯು-18ರ ನಕ್ಷೆ ಹಿಡಿದು ಪಿಯು-22ರ ಮೇಲೆ ತಂತಿ ಹಾಕಿದವರ ಯಂತ್ರಗಳೇ ರಿಪೇರಿಗೆ ಹೆಚ್ಚಾಗಿ ಬರುತ್ತವೆ. ಯುರೋಪಿನ ಪಿಎಸ್ ಒನ್ ನಿಮ್ಮದಾಗಿದ್ದರೆ, ಹೊರದೇಶದ ಆಟಗಳಿಗಾಗಿ ಅದರ ಬಯೋಸ್‌ಗೂ (ಯಂತ್ರವನ್ನು ಶುರು ಮಾಡುವ ಮೂಲ ತಂತ್ರಾಂಶವಿರುವ ಚಿಪ್) ತಂತಿ ಎಳೆಯಬೇಕಾಗುತ್ತದೆ. ಮೊದಲ ಬಾರಿಗೆ ಕೈ ಹಾಕುವವರಿಗೆ ನಾನು ಅದನ್ನು ಸಲಹೆ ಮಾಡುವುದಿಲ್ಲ.

ಬೂದು ಬಣ್ಣದ ದೊಡ್ಡ ಯಂತ್ರದ ಒಳಗೇ ವಿದ್ಯುತ್ ಪೂರೈಕೆಯ ಭಾಗವಿದೆ. ನಮ್ಮ 230 ವೋಲ್ಟ್ ಲೈನು ಅಲ್ಲಿ ಡಿ.ಸಿ.ಗೆ ಬದಲಾದಾಗ ದೊಡ್ಡ ಕೆಪಾಸಿಟರ್ ಮೇಲೆ ಸುಮಾರು 325 ವೋಲ್ಟ್ ನಿಲ್ಲುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಪ್ಲಗ್ ತೆಗೆದು ಕೆಲವು ನಿಮಿಷ ಬಿಟ್ಟು, ಮೀಟರಿನಲ್ಲಿ ನೋಡಿಕೊಂಡು, ಆ ಭಾಗವನ್ನು ಕಳಚಿ ಪಕ್ಕಕ್ಕಿಟ್ಟ ನಂತರವೇ ಬೋರ್ಡ್ ಮುಟ್ಟಿ. ಅಮೆರಿಕ ಅಥವಾ ಜಪಾನಿನ ಯಂತ್ರವಾದರೆ ಅದು 110 ವೋಲ್ಟ್ ಆಸುಪಾಸಿಗೆ ಮಾಡಿದ್ದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಸಾಕೆಟ್‌ಗೆ ಚುಚ್ಚಿದರೆ ಮುಗಿಯಿತು.

ಇನ್ನು ಐರನ್. 25 ವ್ಯಾಟ್ ಸಾಲದೆಂದು ಯಾರಾದರೂ ಹೇಳಿದರೆ ನಂಬಬೇಡಿ, ಈ ಕೆಲಸಕ್ಕೆ ಅದು ಸಾಕು. ತೊಂದರೆ ಬೇರೆಡೆ ಇದೆ. ಎರಡು ಪಿನ್ನಿನ ಅಗ್ಗದ ಐರನ್‌ಗಳಲ್ಲಿ ಮೊನೆಗೆ ಅರ್ಥಿಂಗ್ ಇರುವುದಿಲ್ಲ, ಲೈನಿನಿಂದ ಸೋರಿದ ವೋಲ್ಟೇಜ್ ಮೊನೆಯ ಮೂಲಕ ಐ.ಸಿ.ಗೆ ಇಳಿಯುತ್ತದೆ. ಟೆಸ್ಟರ್ ಮುಟ್ಟಿಸಿದರೆ ಮಿನುಗುವ ಮೊನೆಯನ್ನು ಪ್ಲೇಸ್ಟೇಷನ್‌ನ ಹತ್ತಿರವೂ ತರಬೇಡಿ. ಮೂರು ಪಿನ್ನಿನ, ಅರ್ಥ್ ಇರುವ ಐರನ್ ಬಳಸಿ, ಮನೆಯ ಸಾಕೆಟ್‌ನಲ್ಲಿ ಅರ್ಥ್ ನಿಜವಾಗಿಯೂ ಇದೆಯೇ ಎಂದೂ ನೋಡಿಕೊಳ್ಳಿ. ಉಷ್ಣತೆ ಹೊಂದಿಸುವ ಸ್ಟೇಷನ್ ಕಾಲೇಜಿನಲ್ಲಿ ಸಿಗುವುದಾದರೆ 320ರಿಂದ 350 ಡಿಗ್ರಿ ಸೆಲ್ಸಿಯಸ್ ನಡುವೆ ಇಟ್ಟುಕೊಳ್ಳಿ. ತವರ 63, ಸೀಸ 37ರ ಲೆಡ್ ತಂತಿ (ಬೆಸುಗೆಗೆಂದು ಕರಗಿಸುವ ತಂತಿ) 183 ಡಿಗ್ರಿಗೆ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುವುದರಿಂದ ಕಲಿಯುವವರ ಕೈಗೆ ಅದು ಒಳ್ಳೆಯದು. ಸೀಸವಿಲ್ಲದ ತಂತಿ 217 ಡಿಗ್ರಿಗೆ ಮೇಲ್ಪಟ್ಟು ಕರಗುತ್ತದೆ, ಹಳೆಯ ಬೋರ್ಡ್‌ಗೆ ಆ ಹೆಚ್ಚಿನ ಶಾಖ ಕೊಡುವ ಅಗತ್ಯವಿಲ್ಲ. ಫ್ಲಕ್ಸ್ (ಲೆಡ್ ಚೆನ್ನಾಗಿ ಹಿಡಿಯಲೆಂದು ಹಚ್ಚುವ ವಸ್ತು) ಕೊಳ್ಳುವಾಗ ರಾಳದ್ದನ್ನೇ ಕೇಳಿ. ಪೈಪು, ತಗಡುಗಳ ಬೆಸುಗೆಗೆಂದು ಮಾರುವ ಆಮ್ಲದ ಪೇಸ್ಟ್ ಹಚ್ಚಿದರೆ ಬೋರ್ಡ್‌ನ ತಾಮ್ರವನ್ನು ಅದು ತಿಂಗಳುಗಟ್ಟಲೆ ತಿನ್ನುತ್ತಲೇ ಇರುತ್ತದೆ. ಚಿಪ್‌ನಿಂದ ಬೋರ್ಡ್‌ಗೆ ಎಳೆಯುವ ತಂತಿ 30 ಗೇಜಿನದು, ಒಳಗೆ ಒಂದೇ ಎಳೆಯದು ಇರಲಿ. ಮೊಬೈಲ್ ರಿಪೇರಿ ಸಾಮಾನು ಮಾರುವ ಕಡೆ ಕೇಳಿ ನೋಡಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಂತೂ ಹುಡುಕಿದರೆ ದೊರೆಯುತ್ತದೆ.

ಬೆಸುಗೆ ಹಾಕುವ ಕ್ಷಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ತಂತಿಯ ತುದಿಯ ಹೊದಿಕೆಯನ್ನು ಒಂದು ಮಿಲಿಮೀಟರಿನಷ್ಟು ಮಾತ್ರ ಸುಲಿದು, ಆ ತುದಿಗೆ ಮೊದಲೇ ತೆಳ್ಳಗೆ ಲೆಡ್ ಹತ್ತಿಸಿಟ್ಟುಕೊಳ್ಳಬೇಕು. ಬೋರ್ಡ್‌ನ ಮೇಲಿನ ಜಾಗವನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಂದು ತೊಟ್ಟು ಫ್ಲಕ್ಸ್ ಇಟ್ಟು, ತಂತಿಯ ತುದಿಯನ್ನು ಚಿಮುಟದಿಂದ ಆ ಜಾಗಕ್ಕೆ ಮಲಗಿಸಿ ಹಿಡಿದು, ಮೊನೆಯನ್ನು ಒಂದೆರಡು ಸೆಕೆಂಡು ಮುಟ್ಟಿಸಿ ತೆಗೆಯಬೇಕು. ಆ ಅವಧಿಯಲ್ಲಿ ಲೆಡ್ ಒಮ್ಮೆ ಥಟ್ಟನೆ ಹೊಳೆದು ತಂತಿಯ ಎರಡೂ ಬದಿಗೆ ಇಳಿದು ಹರಡಿಕೊಳ್ಳುವುದು ಕಾಣುತ್ತದೆ. ಮೊನೆ ತೆಗೆದ ಮೇಲೆ ಲೆಡ್ ಗಟ್ಟಿಯಾಗುವವರೆಗೆ ಚಿಮುಟ ಅಲುಗಬಾರದು. ಅಂಚು ತೆಳುವಾಗಿ ಬೋರ್ಡ್‌ಗೆ ಅಂಟಿ ಬದಿಗಳು ಒಳಕ್ಕೆ ಬಾಗಿದ್ದರೆ ಬೆಸುಗೆ ಕೂತಿದೆ. ಮಾಸಲು ಬೂದಿಯ ಬಣ್ಣದ ಗುಂಡಿನಂತೆ ಮೇಲೆ ನಿಂತಿದ್ದರೆ ಅದು ಕೂತಿಲ್ಲ, ಇವತ್ತು ಕೆಲಸ ಮಾಡಿದರೂ ಯಂತ್ರ ಬಿಸಿಯಾದಾಗ ಕೈಕೊಡುತ್ತದೆ. ಹಿಡಿಯಲಿಲ್ಲವೆಂದು ಐದಾರು ಸೆಕೆಂಡು ಒತ್ತಿ ಹಿಡಿಯುವುದೇ ಬೋರ್ಡ್‌ಗೆ ಮಾರಕ, ಏಕೆಂದರೆ ತಾಮ್ರದ ಚುಕ್ಕೆಯನ್ನು ಹಿಡಿದಿಟ್ಟಿರುವ ಅಂಟು ಆ ಶಾಖಕ್ಕೆ ಸಡಿಲವಾಗುತ್ತದೆ. ಹಿಡಿಯದಿದ್ದರೆ ಮೊನೆ ತೆಗೆದು, ತಣಿಯಲು ಬಿಟ್ಟು, ಮತ್ತೆ ಫ್ಲಕ್ಸ್ ಹಾಕಿ ಪ್ರಯತ್ನಿಸಬೇಕು.

ಐ.ಸಿ.ಯ ಕಾಲುಗಳ ನಡುವಿನ ಅಂತರ ಒಂದು ಮಿಲಿಮೀಟರಿಗಿಂತ ಕಡಿಮೆ ಇರುತ್ತದೆ. ಅದೇ ಕಾಲಿಗೆ ಹೋಗುವ ಜಾಡು ಬೋರ್ಡ್‌ನಲ್ಲಿ ಬೇರೆಡೆ ಒಂದು ಅಗಲವಾದ ಚುಕ್ಕೆಯಾಗಿ ಸಿಗುವುದಾದರೆ ತಂತಿಯನ್ನು ಅಲ್ಲಿಗೇ ಹಾಕುವುದು ಜಾಣತನ. ತಂತಿಗಳನ್ನು ಆದಷ್ಟು ಗಿಡ್ಡ ಮಾಡಿ, ಶಾಖ ತಾಳುವ ಟೇಪ್ ಹಚ್ಚಿ, ಲೋಹದ ಹೊದಿಕೆಯ ಅಂಚಿಗೆ ಸಿಕ್ಕದಂತೆ ಎಳೆಯಿರಿ. ಹೊದಿಕೆಯನ್ನು ಸ್ಕ್ರೂ ಹಾಕಿ ಬಿಗಿದಾಗ ಅದರಡಿ ಸಿಕ್ಕಿದ ತಂತಿಯ ಪ್ಲಾಸ್ಟಿಕ್ ಹರಿದು ಶಾರ್ಟ್ ಆಗುವುದು ಸಾಮಾನ್ಯ. ಎಲ್ಲ ಮುಗಿದ ಮೇಲೆ, ವಿದ್ಯುತ್ ಕೊಡುವ ಮೊದಲು, ಚಿಪ್‌ನ 1ನೇ ಕಾಲು ಮತ್ತು 8ನೇ ಕಾಲಿನ ನಡುವೆ, ಅಂದರೆ ಧನ ಮತ್ತು ಗ್ರೌಂಡ್ ನಡುವೆ, ಶಾರ್ಟ್ ಇಲ್ಲವೆಂದು ಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ. ಪಿಕ್ 12ಸಿ508ಕ್ಕೆ ಒಮ್ಮೆ ಮಾತ್ರ ಪ್ರೋಗ್ರಾಂ ಬರೆಯಬಹುದು. ಕಲಿಯುವವರಿಗೆ ಮತ್ತೆ ಮತ್ತೆ ಬರೆಯಬಹುದಾದ ಪಿಕ್ 12ಎಫ್629 ಅನುಕೂಲ.

ಪ್ರಶ್ನೆ: ಹಲವು ವರ್ಷಗಳ ಹಿಂದೆಯೇ ಚಿಪ್ ಹಾಕಿದ್ದ ಯಂತ್ರವನ್ನು ಕೊಂಡಿದ್ದೇನೆ. ಹೆಚ್ಚಿನ ಆಟಗಳು ಓಡುತ್ತವೆ. ಕೆಲವು ಮಾತ್ರ ಯಂತ್ರವನ್ನು ಮಾರ್ಪಡಿಸಲಾಗಿದೆ ಎಂಬ ಅರ್ಥದ ಸಂದೇಶ ತೋರಿಸಿ ನಿಂತುಬಿಡುತ್ತವೆ, ಅದೂ ಅಸಲಿ ಡಿಸ್ಕ್ ಹಾಕಿದಾಗ! ಇನ್ನು ಕೆಲವು ಆಟಗಳ ಚಿತ್ರ ಕಪ್ಪು ಬಿಳುಪಾಗಿ ಬರುತ್ತದೆ. ಬೆಸುಗೆ ಸಡಿಲವಾಗಿದೆಯೇ? (ಹುಬ್ಬಳ್ಳಿ)

ಉತ್ತರ: ಬೆಸುಗೆಯ ದೋಷವಲ್ಲ, ಚಿಪ್‌ನ ಸ್ವಭಾವ. ಆರಂಭದ ಚಿಪ್‌ಗಳು ಯಂತ್ರ ಚಾಲೂ ಇರುವಷ್ಟು ಹೊತ್ತೂ ಆ ನಾಲ್ಕು ಅಕ್ಷರಗಳನ್ನು ಬಿಡದೆ ಕಳಿಸುತ್ತಿದ್ದವು. ಅಸಲಿ ಡಿಸ್ಕ್‌ನಲ್ಲಿ ಆ ಸಂಕೇತ ಒಳ ಅಂಚಿನಲ್ಲಿ ಮಾತ್ರ ಇರುತ್ತದೆ. ನಂತರದ ಆಟಗಳನ್ನು ಬರೆದವರು ಈ ವ್ಯತ್ಯಾಸವನ್ನೇ ಹಿಡಿದರು. ಲೇಸರ್ ಹೊರಭಾಗದಲ್ಲಿ ಓದುತ್ತಿರುವಾಗಲೂ ಸಂಕೇತ ಬರುತ್ತಿದ್ದರೆ ಒಳಗೆ ಚಿಪ್ ಇದೆ ಎಂದೇ ಅರ್ಥ. ಇದಕ್ಕೆ ಉತ್ತರವಾಗಿ ಬಂದವು ಸ್ಟೆಲ್ತ್ ಚಿಪ್‌ಗಳು, ಅವು ಬೇಕಾದಾಗಷ್ಟೇ ಸಂಕೇತ ಕೊಟ್ಟು ಸುಮ್ಮನಾಗುತ್ತವೆ. ಒಂದಕ್ಕಿಂತ ಹೆಚ್ಚು ಡಿಸ್ಕ್‌ಗಳ ಆಟದಲ್ಲಿ ಡಿಸ್ಕ್ ಬದಲಿಸಿದ್ದು ತಿಳಿಯಲೆಂದು ಮುಚ್ಚಳದ ಸ್ವಿಚ್‌ಗೂ ಅವುಗಳಿಂದ ಒಂದು ತಂತಿ ಹೋಗುತ್ತದೆ. ಮುಕ್ತವಾಗಿ ಹಂಚಿಕೆಯಾಗುತ್ತಿರುವ ಪಿಎಸ್‌ನೀ ಎಂಬ ಮಾಡ್‌ಚಿಪ್ ಪ್ರೋಗ್ರಾಂ ಆರ್ಡುಯಿನೋ ಎಂಬ ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡ್‌ಗಳಿಗೂ ಲಭ್ಯವಿದೆ. ಹಳೆಯ ಚಿಪ್ ತೆಗೆಸುವುದಾದರೆ ತಂತಿಯನ್ನು ಎಳೆದು ಕೀಳಬಾರದು, ಪ್ರತಿ ಜಾಗದಲ್ಲೂ ಹೊಸ ಲೆಡ್ ಮುಟ್ಟಿಸಿ ಕರಗಿಸಿ ಎತ್ತಬೇಕು.

ಕಪ್ಪು ಬಿಳುಪಿನ ಚಿತ್ರಕ್ಕೆ ಚಿಪ್ ಹೊಣೆಯಲ್ಲ. ಪಾಲ್ ಯಂತ್ರದಲ್ಲಿ (ಯುರೋಪಿನ ಟಿ.ವಿ. ಪದ್ಧತಿಗೆ ಮಾಡಿದ್ದು) ಅಮೆರಿಕ ಅಥವಾ ಜಪಾನಿನ ಆಟ ಓಡಿದಾಗ ಚಿತ್ರ 60 ಹರ್ಟ್ಜ್‌ಗೆ ಬದಲಾಗುತ್ತದೆ, ಬಣ್ಣ ಹೊರುವ ಆವರ್ತನ ಮಾತ್ರ ಟಿ.ವಿ. ನಿರೀಕ್ಷಿಸುವುದಕ್ಕಿಂತ ತುಸು ಆಚೀಚೆ ಸರಿಯುತ್ತದೆ. ಇಡೀ ಚಿತ್ರವನ್ನು ಒಂದೇ ತಂತಿಯಲ್ಲಿ ಕಳಿಸುವ ಕಾಂಪೊಸಿಟ್ ಬದಲು, ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆಯಾಗಿ ಕಳಿಸುವ ಆರ್‌ಜಿಬಿ ಕೇಬಲ್ ಮೂಲಕ ಚಿತ್ರ ತೆಗೆದರೆ ಬಣ್ಣ ಮರಳುತ್ತದೆ.

ಪ್ರಶ್ನೆ: ನಾನು ರಿಪೇರಿ ಅಂಗಡಿ ನಡೆಸುತ್ತೇನೆ. ಚಿಪ್ ಹಾಕಿಕೊಡಿ ಎಂದು ಗಿರಾಕಿಗಳು ಕೇಳುತ್ತಾರೆ. ಇದು ಕಾನೂನಿಗೆ ವಿರುದ್ಧವೇ? (ಬೆಂಗಳೂರು)

ಉತ್ತರ: ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರೆ ನಿಮಗೆ ಅನ್ಯಾಯವಾಗುತ್ತದೆ. ಈ ಚಿಪ್‌ನ ವಿಷಯ ಹಲವು ದೇಶಗಳ ನ್ಯಾಯಾಲಯಗಳಿಗೆ ಹೋಗಿದೆ. ಸಿಡ್ನಿಯಲ್ಲಿ ಪ್ಲೇಸ್ಟೇಷನ್ ಚಿಪ್ ಮಾರಿ ಹಾಕಿಕೊಡುತ್ತಿದ್ದವರೊಬ್ಬರ ವಿರುದ್ಧ ಸೋನಿ ಹೂಡಿದ ದಾವೆಯಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿಯ ಅತ್ಯುನ್ನತ ನ್ಯಾಯಾಲಯ) 2005ರಲ್ಲಿ ಸೋನಿಯ ವಿರುದ್ಧ ತೀರ್ಪು ಕೊಟ್ಟಿತು. ಆ ಬೀಗವು ನಕಲು ಮಾಡುವುದನ್ನು ತಡೆಯುವುದಿಲ್ಲ, ನಕಲಾದ ಡಿಸ್ಕ್ ಓಡುವುದನ್ನು ಮಾತ್ರ ತಡೆಯುತ್ತದೆ ಎಂಬುದು ಅಲ್ಲಿಯ ತರ್ಕದ ತಿರುಳು. ಮರುವರ್ಷವೇ ಆಸ್ಟ್ರೇಲಿಯಾ ತನ್ನ ಕಾಯಿದೆಯನ್ನು ಬಿಗಿಗೊಳಿಸಿತು. ಅಮೆರಿಕದಲ್ಲಿ 1998ರ ಕಾಯಿದೆಯು ಇಂತಹ ಸಾಧನಗಳ ಮಾರಾಟವನ್ನೇ ನಿಷೇಧಿಸುತ್ತದೆ.

ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ 65ಎ ಕಲಂ ಸೇರಿತು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ತಪ್ಪಿಸಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದೆಂದು ಅದು ಹೇಳುತ್ತದೆ. ಇಲ್ಲಿ ಉದ್ದೇಶ ಎಂಬ ಪದಕ್ಕೆ ತೂಕವಿದೆ, ಕಾಯಿದೆ ನಿಷೇಧಿಸದ ಉದ್ದೇಶಕ್ಕಾಗಿ ಮಾಡಿದ್ದನ್ನು ಅದೇ ಕಲಂ ಹೊರಗಿಡುತ್ತದೆ. ತಾನು ಹಣ ಕೊಟ್ಟು ಕೊಂಡ ಜಪಾನಿನ ಡಿಸ್ಕ್ ಓಡಿಸಲು ಬಯಸುವವನಿಗೂ, ಖೋಟಾ ಡಿಸ್ಕ್‌ಗಳ ಕಟ್ಟು ಹಿಡಿದು ಬರುವವನಿಗೂ ನಡುವೆ ಕಾನೂನು ಕಾಣುವ ವ್ಯತ್ಯಾಸ ಇದೇ ಎಂದು ನನ್ನ ತಿಳಿವಳಿಕೆ. ಆದರೆ ಅಂಗಡಿಯವರು ಬಹುತೇಕ ಗಮನಿಸದ ಮಾತೊಂದು ಅಲ್ಲಿದೆ: ಇಂತಹ ಕೆಲಸವನ್ನು ಇನ್ನೊಬ್ಬರಿಗೆ ಮಾಡಿಕೊಡುವವರು ಆ ವ್ಯಕ್ತಿಯ ಹೆಸರು, ವಿಳಾಸ, ಗುರುತಿನ ವಿವರ ಮತ್ತು ಉದ್ದೇಶವನ್ನು ಪೂರ್ತಿಯಾಗಿ ದಾಖಲಿಸಿಡಬೇಕು. ಅಂತಹ ಪುಸ್ತಕ ಇಡದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಶುರು ಮಾಡುವ ಮೊದಲು ವಕೀಲರೊಬ್ಬರನ್ನು ಕಾಣಿ. ಚಿಪ್ ಜೊತೆಗೆ ನಕಲು ಡಿಸ್ಕ್ ಮಾರುವುದು ಮಾತ್ರ ಯಾವ ಅನುಮಾನಕ್ಕೂ ಎಡೆಯಿಲ್ಲದ ಅಪರಾಧ. ಆಟಗಳನ್ನು ರೂಪಿಸಿದವರೂ ನಿಮ್ಮಂತೆಯೇ ದುಡಿದು ಉಣ್ಣುವವರು.

ಪ್ರಶ್ನೆ: ಬೆಸುಗೆಯೇ ಇಲ್ಲದೆ ಇದೇ ಕೆಲಸ ಆಗುವುದಿಲ್ಲವೇ? (ಧಾರವಾಡ)

ಉತ್ತರ: ಆಗುತ್ತದೆ, ಮತ್ತು ಹೆಚ್ಚಿನವರಿಗೆ ನಾನು ಹೇಳುವುದು ಅದನ್ನೇ. 2021ರಲ್ಲಿ ಹೊರಬಂದ ಫ್ರೀಪಿಎಸ್‌ಎಕ್ಸ್‌ಬೂಟ್ ಮತ್ತು ಟೋನಿಹ್ಯಾಕ್ಸ್ ಎಂಬ ಪ್ರೋಗ್ರಾಂಗಳನ್ನು ಮೆಮೊರಿ ಕಾರ್ಡ್‌ಗೆ ಬರೆದುಕೊಂಡರೆ ಸಾಕು. ಯಂತ್ರದ ಮೂಲ ತಂತ್ರಾಂಶದಲ್ಲಿ ಅಥವಾ ಕೆಲವು ಆಟಗಳ ಸೇವ್ ಕಡತದಲ್ಲಿ ಇರುವ ದೋಷದ ಮೂಲಕ ಅವು ಒಳಹೊಕ್ಕು, ಯುರೋಪ್ ಮತ್ತು ಅಮೆರಿಕದ ಯಂತ್ರಗಳ ಡ್ರೈವ್ ಬೀಗವನ್ನು ತೆರೆಯುತ್ತವೆ. ಮಂಗಳೂರಿನ ಓದುಗರೂ ಯಂತ್ರ ಬಿಚ್ಚುವ ಮುನ್ನ ಇದನ್ನು ಪ್ರಯತ್ನಿಸಬಹುದು. ಪ್ರತಿ ಬಾರಿ ಕಾರ್ಡ್‌ನಿಂದ ಶುರು ಮಾಡಬೇಕಾದ ಸಣ್ಣ ಕಿರಿಕಿರಿ ಇದೆ, ಬೋರ್ಡ್ ಮಾತ್ರ ಕಾರ್ಖಾನೆಯಿಂದ ಬಂದ ಹಾಗೆಯೇ ಉಳಿಯುತ್ತದೆ. ಲೇಸರ್ ಸವೆದ ಯಂತ್ರಕ್ಕೆ ಚಿಪ್ಪೂ ಪ್ರಯೋಜನವಿಲ್ಲ, ಕಾರ್ಡೂ ಪ್ರಯೋಜನವಿಲ್ಲ. ಆರಂಭದ ಮಾದರಿಗಳಲ್ಲಿ ಲೇಸರ್ ಜಾರುವ ಪ್ಲಾಸ್ಟಿಕ್ ಭಾಗವೇ ಸವೆಯುತ್ತಿದ್ದರಿಂದ ಜನ ಯಂತ್ರವನ್ನು ತಲೆಕೆಳಗಾಗಿಸಿ ಆಡುತ್ತಿದ್ದರು. ಅಂತಹ ಯಂತ್ರಕ್ಕೆ ಮೊದಲು ಬೇಕಾದದ್ದು ಹೊಸ ಲೇಸರ್.

ಪ್ರಶ್ನೆ: ಒಂಬತ್ತನೆಯ ತರಗತಿಯ ಮಗಳು ತಾನೇ ಚಿಪ್ ಹಾಕುತ್ತೇನೆಂದು ಹಟ ಹಿಡಿದಿದ್ದಾಳೆ. ಸೀಸದ ಹೊಗೆಯ ಬಗ್ಗೆ ನಮಗೆ ಭಯ. ಬಿಡಬಹುದೇ? (ಮೈಸೂರು)

ಉತ್ತರ: ಬಿಡಿ, ಜೊತೆಯಲ್ಲಿ ಕುಳಿತುಕೊಳ್ಳಿ. ಬೆಸುಗೆಯ ಶಾಖಕ್ಕೆ ಸೀಸ ಆವಿಯಾಗಿ ಏಳುವುದು ತೀರ ಕಡಿಮೆ. ಕಣ್ಣಿಗೆ ಕಾಣುವ ಹೊಗೆ ರಾಳದ್ದು. ಅದು ಉಸಿರಾಟಕ್ಕೆ ಒಳ್ಳೆಯದಲ್ಲ, ಅಸ್ತಮಾ ಇರುವವರಿಗಂತೂ ತೊಂದರೆ. ಆದ್ದರಿಂದ ಕಿಟಕಿ ತೆರೆದು, ಹೊಗೆಯನ್ನು ಮುಖದಿಂದ ದೂರಕ್ಕೆ ಎಳೆಯುವ ಹಾಗೆ ಸಣ್ಣ ಫ್ಯಾನ್ ಇಟ್ಟುಕೊಳ್ಳಿ. ಸೀಸ ದೇಹ ಸೇರುವುದು ಮುಖ್ಯವಾಗಿ ಕೈಯಿಂದ ಬಾಯಿಗೆ. ಕೆಲಸದ ಮೇಜಿನಲ್ಲಿ ತಿಂಡಿ ಬೇಡ, ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು, ಕನ್ನಡಕ ಹಾಕಿಕೊಳ್ಳಬೇಕು. ಮೊದಲ ದಿನವೇ ಪ್ಲೇಸ್ಟೇಷನ್ ಕೊಡಬೇಡಿ. ಗುಜರಿಯಿಂದ ಕೆಟ್ಟ ಡಿ.ವಿ.ಡಿ. ಪ್ಲೇಯರ್ ಒಂದನ್ನು ತಂದು, ಅದರ ಬೋರ್ಡ್‌ನ ಐ.ಸಿ. ಕಾಲುಗಳಿಗೆ 30 ಗೇಜಿನ ತಂತಿ ಬೆಸೆದು ಮತ್ತೆ ಬಿಡಿಸುವ ಅಭ್ಯಾಸ ಮಾಡಿಸಿ. ಅಕ್ಕಪಕ್ಕದ ಕಾಲುಗಳು ಒಂದಕ್ಕೊಂದು ಅಂಟದೆ, ತಾಮ್ರ ಮೇಲೇಳದೆ ಹತ್ತು ತಂತಿಗಳನ್ನು ಸಾಲಾಗಿ ಹಾಕುವಷ್ಟು ಅವಳ ಕೈ ಪಳಗಿದ ದಿನ ಕನ್ಸೋಲ್‌ನ ಸ್ಕ್ರೂ ಬಿಚ್ಚಬಹುದು.